ದೋಷ ಮೇಷ್ಟ್ರ ಸ್ಪ್ರಿಂಗು

ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಮೇಷ್ಟ್ರಿಗೆ ದೋಷ ಮೇಷ್ಟ್ರು ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಉತ್ತರ ಸರಿ ಬಂದರೆ ಅವರ ಮುಖ ಬಾಡುತ್ತದೆ, ತಪ್ಪು ಬಂದರೆ ಅರಳುತ್ತದೆ. ಸ್ಪ್ರಿಂಗು ಕುಣಿಯುವುದು ನಿಲ್ಲುವ ಮೊದಲೇ ಅಳತೆ ಬರೆದೆಯಾ? ಮುಳ್ಳನ್ನು ಕಣ್ಣಿನ ನೇರಕ್ಕೆ ನೋಡದೆ ಮೇಲಿಂದ ಇಣುಕಿದೆಯಾ? ಹಿಂದಿನ ವರ್ಷದವರು ಎಳೆದಾಡಿ ಸಡಿಲಗೊಳಿಸಿದ ಸ್ಪ್ರಿಂಗನ್ನೇ ಎತ್ತಿಕೊಂಡೆಯಾ? ಹೀಗೆ ವಿದ್ಯಾರ್ಥಿಗಳ ಬೆನ್ನು ಬೀಳುತ್ತಾರೆ.

ಮನೆಯಲ್ಲೂ ಅದೇ ಪಾಡು. ತರಕಾರಿ ತೂಕದಲ್ಲಿ ಕಡಿಮೆ ಎಂದು ಹೆಂಡತಿ ಬಾಯಿತಪ್ಪಿ ಅಂದರೆ ಮುಗಿಯಿತು, ತಪ್ಪು ತಕ್ಕಡಿಯದೋ ಅಂಗಡಿಯವನದೋ ಎಂದು ಊಟ ಆರುವವರೆಗೆ ವಿಚಾರಣೆ.

"ನಿಮ್ಮನ್ನ ಕಟ್ಕೊಂಡಿದ್ದು ಯಾರ ತಪ್ಪು ಅಂತ ಮೊದಲು ಕಂಡುಹಿಡೀರಿ," ಎಂದು ಆಕೆ ತಟ್ಟೆ ಕುಕ್ಕುತ್ತಾರೆ.

ಆ ವರ್ಷ ಪ್ರಾಯೋಗಿಕ ಪರೀಕ್ಷೆಯ ಕೇಂದ್ರವನ್ನು ಇನ್ನೊಂದು ಕಾಲೇಜಿಗೆ ಕೊಡುವ ಮಾತು ಎದ್ದಿತು. ಕೇಂದ್ರ ಕೈಬಿಟ್ಟರೆ ಪ್ರಯೋಗಾಲಯಕ್ಕೆ ಬೀಗ, ಮೇಷ್ಟ್ರಿಗೆ ಪರೀಕ್ಷೆಯ ದಿನ ಹುಡುಗರ ಜೊತೆ ಆ ಕಾಲೇಜಿಗೆ ಓಡಾಟ, ಉಳಿದ ದಿನ ಗ್ರಂಥಾಲಯದಲ್ಲಿ ಧೂಳು ಹೊಡೆಯುವ ಕೆಲಸ. ತೀರ್ಮಾನಕ್ಕೆಂದು ಹಿರಿಯ ಪರೀಕ್ಷಕರೊಬ್ಬರು ಬಂದರು. ಬಾಗಿಲು ತುಂಬುವಂಥ ಆಳು.

"ಕೈಮುಗಿತೀನಿ ಮೇಷ್ಟ್ರೇ, ಅವರೇನಂದ್ರೂ ಹೌದು ಅನ್ನಿ," ಎಂದು ಪ್ರಿನ್ಸಿಪಾಲರು ಕಿವಿಯಲ್ಲಿ ಉಸುರಿ ತಮ್ಮ ಕೋಣೆ ಸೇರಿದರು.

ಪರೀಕ್ಷಕರು ಸ್ಪ್ರಿಂಗಿನ ಬಿಗಿತ ಅಳೆಯುವ ಪ್ರಯೋಗವನ್ನೇ ಆರಿಸಿಕೊಂಡರು. ಮೇಜಿನ ಮೇಲೆ ಸ್ಟ್ಯಾಂಡು, ಅದಕ್ಕೆ ಜೋತುಬಿದ್ದ ಸ್ಪ್ರಿಂಗು, ತುದಿಯಲ್ಲಿ ಮುಳ್ಳು. ಮುಳ್ಳು ಎಷ್ಟು ಇಳಿಯಿತೆಂದು ನೋಡಲು ಹಿಂದಿನ ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ ಸ್ಕೇಲು. ಸ್ಪ್ರಿಂಗಿನ ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಸಂಖ್ಯೆ ನಲವತ್ತೊಂಬತ್ತು. ಪರೀಕ್ಷಕರು ತಾವೇ ಅಳೆದಾಗ ಬಂದದ್ದು ನಲವತ್ತೈದು.

"ಏನ್ರೀ ಇದು?"

ಮೇಷ್ಟ್ರು ಫ್ಯಾನು ಆರಿಸಿದರು. ನಲವತ್ತೈದು. ಕಿಟಕಿ ಮುಚ್ಚಿಸಿದರು, ತೂಕದ ಬಿಲ್ಲೆಗಳನ್ನು ಮತ್ತೆ ತೂಗಿದರು, ಅಟೆಂಡರನ ಉಸಿರು ತಾಗೀತೆಂದು ಅವನನ್ನು ಮೂಲೆಗೆ ಅಟ್ಟಿದರು. ಪರೀಕ್ಷಕರ ಅಂಗಿ ಬೆವರಿಗೆ ಒದ್ದೆಯಾಯಿತು. ಉತ್ತರ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಆ ಕಾಲೇಜಲ್ಲಿ ಹೊಸ ಸಾಮಾನಿದೆಯಂತೆ," ಎಂದರು ಪರೀಕ್ಷಕರು, ಕರವಸ್ತ್ರ ಹಿಂಡುತ್ತ.

ಆಗ ಮೇಷ್ಟ್ರ ಕಣ್ಣಿಗೆ ಬಿತ್ತು. ತೂಕವಿಲ್ಲದಾಗ ಮುಳ್ಳು ಮೇಲಿರುತ್ತದೆ, ಪರೀಕ್ಷಕರು ನೆಟ್ಟಗೆ ನಿಂತೇ ನೋಡುತ್ತಾರೆ. ಬಿಲ್ಲೆ ಏರಿಸಿದಂತೆ ಮುಳ್ಳು ಇಳಿಯುತ್ತದೆ, ಅವರೂ ಬಾಗುತ್ತಾರೆ. ಬಾಗಿ, ಎರಡೂ ಮೊಣಕೈ ಮೇಜಿಗೆ ಊರುತ್ತಾರೆ. ಮೇಜಿನ ಒಂದು ಕಾಲು ಮೋಟು, ಕೆಳಗೆ ಮಡಿಸಿದ ರಟ್ಟು. ರಟ್ಟು ಕುಗ್ಗಿದರೆ ಮೇಜು, ಸ್ಟ್ಯಾಂಡು, ಸ್ಪ್ರಿಂಗು ಎಲ್ಲ ಸೆಂಟಿಮೀಟರಿನಷ್ಟು ಕೆಳಗೆ. ಗೋಡೆಯ ಸ್ಕೇಲು ಮಾತ್ರ ಅಲ್ಲಾಡದು. ಸ್ಪ್ರಿಂಗು ಇರುವುದಕ್ಕಿಂತ ಹೆಚ್ಚು ಹಿಗ್ಗಿದಂತೆ ಕಂಡು ಬಿಗಿತ ಕಡಿಮೆ ಬರುತ್ತದೆ.

ಹೇಳಿದರೆ ಕೇಂದ್ರ ಹೋಗಬಹುದು. ಹೇಳದಿದ್ದರೂ ಹೋಗುತ್ತದೆ. ಆದರೆ ಮೇಷ್ಟ್ರನ್ನು ಹಿಂಡಿದ್ದು ಆ ಲೆಕ್ಕಾಚಾರವಲ್ಲ. ಕಣ್ಣೆದುರಿಗಿರುವ ದೋಷವನ್ನು ನುಂಗಿಕೊಂಡು ಅವರಿಗೆ ಅಭ್ಯಾಸವೇ ಇರಲಿಲ್ಲ.

"ದೋಷ ಸಿಕ್ತು ಸರ್."

"ಎಲ್ಲಿ?"

"ತಾವು, ಸರ್."

ಅಟೆಂಡರ್ ಗೋಡೆ ಕಡೆ ತಿರುಗಿ ನಿಂತ.

"ನಾನಾ!"

"ಪೂರ್ತಿ ತಾವಲ್ಲ ಸರ್. ಮೊಣಕೈ ಅಷ್ಟೇ."

ಪರೀಕ್ಷಕರ ಕೆನ್ನೆ ಕೆಂಪಾಯಿತು. ಮೇಷ್ಟ್ರನ್ನೇ ದುರುಗುಟ್ಟಿ ನೋಡುತ್ತ ಮೊಣಕೈ ಎತ್ತಿದರು. ಮುಳ್ಳು ಏರಿತು. ಊರಿದರು, ಇಳಿಯಿತು. ಒಂದೇ ಮೊಣಕೈ ಊರಿದರು, ಅರ್ಧ ಇಳಿಯಿತು. ಆಮೇಲೆ ಅವರನ್ನು ಹಿಡಿಯುವವರಿಲ್ಲ. ಅಟೆಂಡರನನ್ನು ಕರೆದು ಅವನ ಮೊಣಕೈಯನ್ನೂ ಊರಿಸಿ ನೋಡಿದರು.

"ಇವನದ್ದು ಏನೇನೂ ಸಾಲದು," ಎಂದು ಹೆಮ್ಮೆಯಿಂದ ಹೇಳಿ, ತಟ್ಟನೆ ಹುಬ್ಬು ಗಂಟಿಕ್ಕಿದರು. "ಸ್ಕೇಲು ಸ್ಟ್ಯಾಂಡಿಗೇ ಕಟ್ಟಿದ್ರೆ ನಾನು ಮೇಜಿನ ಮೇಲೆ ಮಲಗಿದ್ರೂ ಉತ್ತರ ಕೆಡ್ತಿರ್ಲಿಲ್ಲ. ಗೋಡೆಗೆ ಜಡಿದ ಪುಣ್ಯಾತ್ಮ ಯಾರ್ರೀ?"

ಸ್ಕೇಲು ಹಿಡಿದು ಹುಡುಗರು ಕತ್ತಿವರಸೆ ಆಡುತ್ತಾರೆಂದು ಮೇಷ್ಟ್ರೇ ಏಣಿ ಹತ್ತಿ ಜಡಿದಿದ್ದರು. ಈ ದೋಷವನ್ನು ಹೇಳಲು ಮಾತ್ರ ನಾಲಿಗೆ ತಡವರಿಸಿತು.

"ನಾನೇ ಸರ್."

"ಪೂರ್ತಿ ನೀವಾ, ಸ್ಕ್ರೂಡ್ರೈವರ್ ಅಷ್ಟೇನಾ?"

ಅಷ್ಟರಲ್ಲಿ ಪ್ರಿನ್ಸಿಪಾಲರು ಹಲ್ಲು ಗಿಂಜುತ್ತ ಒಳಬಂದರು. "ಎಲ್ಲ ಸರಿ ಇದೆಯಾ ಸರ್?"

"ಒಂದೂ ಸರಿ ಇಲ್ಲ. ಆದ್ರೂ ಕೇಂದ್ರ ಇಲ್ಲೇ ಇರ್ಲಿ, ಈ ಮನುಷ್ಯನನ್ನ ಇನ್ನೊಂದು ಕಾಲೇಜಿನ ಮೇಲೆ ಬಿಡೋದು ಬೇಡ," ಎಂದು ಪರೀಕ್ಷಕರು ಸಹಿ ಹಾಕಿದರು. "ಸ್ಕೇಲು ಈಗಲೇ ಇಳೀಬೇಕು."

ತುಕ್ಕು ಹಿಡಿದ ಸ್ಕ್ರೂ ಜಗ್ಗಲಿಲ್ಲ. ಮೇಷ್ಟ್ರು ಸ್ಟೂಲಿನ ಮೇಲೆ, ಸ್ಟೂಲು ಹಿಡಿದವರು ಪ್ರಿನ್ಸಿಪಾಲರು. ಮೂರನೆಯ ಸ್ಕ್ರೂಗೆ ಅಂಗೈಯಗಲದ ಗಾರೆ ಕಿತ್ತುಬಂದು ಪ್ರಿನ್ಸಿಪಾಲರ ತಲೆಯ ಮೇಲೇ ಬಿತ್ತು.