ಬೀಗದ ಎಣ್ಣೆಯ ಕೆಳಗೆ ಇಡೀ ಕಂಪನಿ

ಮದ್ದೂರಿನ ಹನಿ ನೀರಾವರಿ ಕಂಪನಿಯೊಂದರಲ್ಲಿ ನಾಗಶ್ರೀಗೆ ಮೊದಲು ಸಿಕ್ಕಿದ್ದು ಬಿಲ್ಲು ಟೈಪು ಮಾಡುವ ಕೆಲಸ. ಕೋಡ್ ಬರೆಯುವುದನ್ನು ಅವಳು ಊಟದ ಬಿಡುವಿನಲ್ಲಿ ಮೊಬೈಲು ನೋಡಿಕೊಂಡೇ ಕಲಿತಳು. ಯಾರು ಏನು ಹೇಳಿದರೂ ಪೂರ್ತಿ ಕೇಳಿಸಿಕೊಳ್ಳುವ ಗುಣವಿದ್ದುದರಿಂದ ಆಫೀಸಿನ ಅರ್ಧ ಗೋಳು ಅವಳ ಮೇಜಿಗೇ ಬರುತ್ತಿತ್ತು. ಆ ಬುಧವಾರ ಬಂದವರು ಫಿಟ್ಟರ್ ಶಿವಣ್ಣ.

ಶಿವಣ್ಣ ಕಂಪನಿಗೆಲ್ಲ ಹಿರಿಯರು. ಮಾಲೀಕ ಅಂಬರೀಶನಿಗೆ ಸೋದರಮಾವ ಬೇರೆ. ಶುಕ್ರವಾರ ಕಿರುಗಾವಲಿನಲ್ಲಿ ಅವರ ಮೊಮ್ಮಗಳ ನಾಮಕರಣ. ಮಗುವಿನ ಕಿವಿಯಲ್ಲಿ ಅಜ್ಜನೇ ಹೆಸರು ಹೇಳಬೇಕೆಂದು ಮಗಳು ಹಠ ಹಿಡಿದಿದ್ದಳು. ರಜೆ ಮಾತ್ರ ಸಿಗುತ್ತಿರಲಿಲ್ಲ. ಕಂಪನಿಯ ಪ್ರತಿ ಕೆಲಸಕ್ಕೂ ಕಂಪ್ಯೂಟರಿನಲ್ಲಿ ಒಂದು ಟಿಕೆಟ್ಟು. ಮುಗಿಯದ ಟಿಕೆಟ್ಟು ಇರುವವರಿಗೆ ರಜೆಯಿಲ್ಲವೆಂದು ಅಂಬರೀಶನೇ ಕಟ್ಟಳೆ ಮಾಡಿದ್ದ. ಮಾವನಿಗೊಂದು ನ್ಯಾಯ ಮಾಡಿದರೆ ನಾಳೆ ಎಲ್ಲರೂ ಮಾವಂದಿರಾಗುತ್ತಾರೆಂದು ಅವನ ಹೆದರಿಕೆ.

ಶಿವಣ್ಣನವರ ಟಿಕೆಟ್ಟಾದರೂ ಏನು? ನಿಡಘಟ್ಟದ ಪಂಪ್‌ಹೌಸಿನ ಬೀಗಕ್ಕೆ ಎಣ್ಣೆ ಬಿಡುವುದು. ಬಿಟ್ಟು ಎಷ್ಟೋ ದಿನವಾಗಿತ್ತು. ಆದರೆ ಮುಗಿಯಿತೆಂದು ಒತ್ತಿದಾಗಲೆಲ್ಲ, ಇದರ ಕೆಳಗಿನ ಕೆಲಸಗಳು ಬಾಕಿ ಇವೆಯೆಂದು ಕಂಪ್ಯೂಟರು ಒಪ್ಪುತ್ತಿರಲಿಲ್ಲ.

"ಬೀಗದ ಕೆಳ್ಗೆ ಏನವ್ವ ಇದ್ದಾತು? ಚಿಲ್ಕ ಅದೆ ಅಷ್ಟೆ," ಎಂದರು ಶಿವಣ್ಣ.

ಒಂದೊಂದೇ ಟಿಕೆಟ್ಟು ತೆರೆದು ನೋಡಿದರೆ ಕೊನೆಯೇ ಸಿಗಲಿಲ್ಲ. ನಾಗಶ್ರೀ ಮನೆದೇವರು ಮಾದಪ್ಪನನ್ನು ನೆನೆದು ಕೋಡ್ ಬರೆಯಲು ಕೂತಳು. ಶಿವಣ್ಣನವರ ಟಿಕೆಟ್ಟಿನ ಕೆಳಗಿರುವುದನ್ನೆಲ್ಲ ತರಬೇಕು, ಅವುಗಳ ಕೆಳಗಿನದನ್ನೂ ತರಬೇಕು, ಇನ್ನಿಲ್ಲ ಎನ್ನುವತನಕ. ಆಮೇಲೆ ವಂಶವೃಕ್ಷದ ಹಾಗೆ ಗೆರೆ ಎಳೆದು ಬಿಡಿಸಬೇಕು. ಓಡಿಸಿದಾಗ ಚಿತ್ರ ಪರದೆ ಮೀರಿ ಹರಡಿಕೊಂಡಿತು. ಕೋಡ್ ತಪ್ಪಿರಬೇಕೆಂದು ತಿದ್ದಿ ಓಡಿಸಿದಳು. ಇನ್ನೂ ಅಗಲವಾಯಿತು.

ತುತ್ತತುದಿಯಲ್ಲಿ ಬೀಗದ ಎಣ್ಣೆ. ಅದರ ಕೆಳಗೆ ಮಳವಳ್ಳಿ ಕಡೆಯ ಕಬ್ಬಿನ ಗದ್ದೆಗಳ ಪೈಪು, ಮಂಡ್ಯದ ಗೋದಾಮು, ಜೀಪಿನ ಟೈರು, ಕೊನೆಗೆ ಮಾಲೀಕನ ಹೊಸ ಕಟ್ಟಡ.

ಹೊಸ ಟಿಕೆಟ್ಟು ಬರೆಯುವವರು ಅದು ಯಾವ ಕೆಲಸದ ಕೆಳಗೆ ಬರುತ್ತದೆಂದು ಹೇಳಲೇಬೇಕಿತ್ತು. ಪುನೀತನೆಂಬ ಹುಡುಗ ಪೈಪಿನ ಲೆಕ್ಕ ನೋಡುವವನು. ನಿನ್ನದನ್ನು ಎಣ್ಣೆಯ ಕೆಳಗೇಕೆ ಇಟ್ಟೆಯೆಂದು ಅವನನ್ನೇ ಮೊದಲು ಕೇಳಿದಳು.

"ಶಿವಣ್ಣಾರ ಕೆಲ್ಸನ ನನ್ ಕೆಲ್ಸದ ಕೆಳೀಕೆ ಆಕಕಾಯ್ತದಾ ಅಕ್ಕ? ಇರೀಕ್ರು," ಎಂದ.

ಉಳಿದವರದೂ ಅದೇ ಉತ್ತರ. ಹಿರಿಯರ ಕೆಳಗೆ ತಮ್ಮದನ್ನಿಟ್ಟು, ಮರ್ಯಾದೆ ಉಳಿಸಿದೆವೆಂದು ನೆಮ್ಮದಿಯಾಗಿದ್ದರು. ರೇಗಲು ಬಂದ ಅಂಬರೀಶನಿಗೆ ನಾಗಶ್ರೀ ಚಿತ್ರದಲ್ಲಿ ಅವನದೇ ಕಟ್ಟಡದ ಟಿಕೆಟ್ಟು ತೂಗುತ್ತಿದ್ದ ಜಾಗವನ್ನು ಬೆರಳಿಟ್ಟು ತೋರಿಸಿದಳು. ಅವನು ದನಿ ತಗ್ಗಿಸಿದ.

"ಮಾವನ ತಲೆ ಮ್ಯಾಲೆ ಬಿಲ್ಡಿಂಗ್ ಕಟ್ಟಕಾಯ್ತದಾ, ಬುಡವ್ವ."

ಸರಿ, ಎಣ್ಣೆಯನ್ನು ಕೆಳಗಿಳಿಸಬೇಕು. ಅದರ ಜಾಗಕ್ಕೆ ಇನ್ನೊಂದು ಬೇಕು. ಎಲ್ಲರೂ ಉಗ್ರಾಣದ ಅಂಕಯ್ಯನವರ ಕಡೆ ನೋಡಿದರು. ಶಿವಣ್ಣನವರ ನಂತರ ಅವರೇ ಹಿರಿಯರು. ಮುಂದಿನ ತಿಂಗಳು ತಮ್ಮ ಮಗನ ಮದುವೆಯಿದೆ, ತಮಗೆ ಯಾವ ಮರ್ಯಾದೆಯೂ ಬೇಡವೆಂದು ಅಂಕಯ್ಯ ಉಗ್ರಾಣದ ಬಾಗಿಲು ಹಾಕಿಕೊಂಡರು.

ನಾಗಶ್ರೀ ಪರದೆಯಿಂದ ತಲೆಯೆತ್ತಿದಳು. ಗೋಡೆಯ ಮೇಲಿನ ಮಾದಪ್ಪನ ಪಟದ ಮುಂದೆ ಬೆಳಿಗ್ಗೆ ಅವಳೇ ಹಚ್ಚಿದ ದೀಪ ಇನ್ನೂ ಉರಿಯುತ್ತಿತ್ತು. ಹೊಸ ಟಿಕೆಟ್ಟೊಂದನ್ನು ಬರೆದಳು: ಮಾದಪ್ಪನಿಗೆ ದಿನವೂ ದೀಪ ಹಚ್ಚುವುದು. ಅದರ ಕೆಳಗಿರಲು ಯಾರೂ ತಕರಾರು ಮಾಡಲಿಲ್ಲ. ಆದರೆ ಈ ಕೆಲಸ ಎಂದೂ ಮುಗಿಯುವುದಲ್ಲ. ಯಾರ ಹೆಸರಿಗೆ ಬರೆದರೂ ಅವರ ರಜೆ ಹೋದಂತೆಯೇ. ಅವಳು ಮಾದಪ್ಪನ ಹೆಸರಿಗೇ ಬರೆದಳು. ಅವನು ರಜೆ ಕೇಳುವವನಲ್ಲ.

ಕೋಡ್ ಇನ್ನೊಂದು ಸಲ ಓಡಿಸಿ ಎಲ್ಲರ ಟಿಕೆಟ್ಟನ್ನೂ ಅಲ್ಲಿಗೆ ಸಾಗಿಸಬೇಕೆನ್ನುವಾಗ ಶಿವಣ್ಣ ತಡೆದರು. ಚಿತ್ರವನ್ನು ಬಹಳ ಹೊತ್ತಿನಿಂದ ನೋಡುತ್ತಲೇ ನಿಂತಿದ್ದರು.

"ನನ್ನ ಇಳ್ಸಕ್ ಮುಂಚೆ ಒಂದು ಪ್ರಿಂಟು ಕೊಡವ್ವ. ಅಳಿಯನ ಮನೇವ್ರು ನೋಡ್ಲಿ."

ಪ್ರಿಂಟು ಬಂತು, ರಜೆಯೂ ಬಂತು. ಶುಕ್ರವಾರ ಮಗುವಿನ ಕಿವಿಯಲ್ಲಿ ಹೆಸರು ಹೇಳಿ ಮುಗಿಸಿದ ಶಿವಣ್ಣ, ಆ ಉದ್ದನೆಯ ಕಾಗದವನ್ನು ನಡುಮನೆಯಲ್ಲಿ ಹರಡಿ, ತುದಿಯಲ್ಲಿದ್ದ ತಮ್ಮ ಹೆಸರು ತೋರಿಸಿದರಂತೆ. ಅಳಿಯನ ಅಜ್ಜಿ ಮರಿತಾಯಮ್ಮ ಮೇಲಿಂದ ಕೆಳಗಿನತನಕ ಎಲ್ಲ ಗೆರೆಗಳನ್ನೂ ಸಾವಧಾನವಾಗಿ ನೋಡಿದರಂತೆ.

"ಇಷ್ಟ್ ದೊಡ್ಡ ಸಂಸಾರ ಮಡೀಕಂಡು, ಒಬ್ರುನ್ನೂ ಕರ್ಕಂಡ್ ಬರ್ನಿಲ್ವಲ್ಲಪ್ಪ."