ಇನ್ನೊಂಚೂರು ಜೋರು ಮಾಡು ಪಾಷಾ

ಹೋದ ವಾರ ನಮ್ಮ ಬಾಣಂತಿ ಕೋಣೆಯಲ್ಲಿ ಒಂದು ಸ್ಟೀಲ್ ತಟ್ಟೆ ಬಿತ್ತು. ಬಿತ್ತು ಅನ್ನುವುದು ಸುಳ್ಳು, ನಾನೇ ಬೀಳಿಸಿದೆ. ಮಲಗಿದ್ದ ಮೊಮ್ಮಗಳ ತಲೆಯ ಹಿಂದೆ ನಿಂತು, ಸೊಂಟದೆತ್ತರಕ್ಕೆ ಹಿಡಿದು, ಕೈ ಬಿಟ್ಟೆ. ಬೀದಿ ನಾಯಿ ಬೊಗಳಿತು. ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿ ಏನಾಯಿತು ಎಂದು ಕೇಳಿದರು. ಮಗು ಮಾತ್ರ ತುಟಿಯನ್ನೂ ಅಲುಗಿಸಲಿಲ್ಲ.

ಮಗಳು ಮಂಜುಳಾ ಎದ್ದು ಕೂತಳು.

"ನೀನಿಂಗೆ ತಟ್ಟೆ ಬೀಳುಸ್ಕಂಡು ಕೂತ್ರೆ ನನ್ನ ಹಾಲು ಬತ್ತೋಯ್ತದೆ ಕಣವ್ವ" ಅಂದಳು. ಬೈದದ್ದು ನನ್ನನ್ನು. ನೋಡುತ್ತಿದ್ದದ್ದು ಮಗುವನ್ನು.

ನನಗೆ ಮೊಮ್ಮಗಳು ಹುಟ್ಟಿರುವುದು ನಿಮಗೆ ಗೊತ್ತೇ ಇದೆ. (ಗೊತ್ತಿಲ್ಲದೆ ಏನು? ಅವಳು ಹುಟ್ಟಿದ ಮೇಲೆ ಈ ಅಂಕಣದಲ್ಲಿ ನಾನು ಬೇರೇನು ಬರೆದಿದ್ದೇನೆ?) ಅವಳ ಮೂಗು ಬರೆದೆ, ಬೆರಳು ಬರೆದೆ, ಆಕಳಿಕೆಯ ಮೇಲೆ ಅರ್ಧ ಅಂಕಣ ಬರೆದೆ. ಈ ವಯಸ್ಸಿನಲ್ಲಿ ಇಂಥ ಸಂತೋಷವನ್ನು ಒಬ್ಬಳೇ ಇಟ್ಟುಕೊಳ್ಳಲು ಆಗುತ್ತದೆಯೇ? ಒಂದನ್ನು ಮಾತ್ರ ಬರೆದಿರಲಿಲ್ಲ.

ಮಂಡ್ಯದ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳಿಗೆ ಕಿವಿ ಟೆಸ್ಟು ಮಾಡುತ್ತಾರೆ. ಇವಳಿಗೂ ಮಾಡಿದರು. ಕಿವಿಗೆ ಪುಟ್ಟ ಬಿರಡೆಯಂಥದ್ದು ಇಟ್ಟರು. ಮಿಷಿನ್ನು ಸರಿ ಅನ್ನಲಿಲ್ಲ. ಎಷ್ಟೋ ಮಕ್ಕಳಿಗೆ ಮೊದಲ ಸಲ ಹೀಗೆ ಬರುತ್ತದೆ, ಕಿವಿಯಲ್ಲಿ ನೀರು ನಿಂತಿದ್ದರೂ ಬರುತ್ತದೆ, ಇನ್ನೊಂದು ಸಲ ನೋಡೋಣ, ಗಾಬರಿಯಾಗಬೇಡಿ ಅಂದರು ಡಾಕ್ಟರಮ್ಮ. ಗಾಬರಿಯಾಗಬೇಡಿ ಅಂದ ಮೇಲೂ ಗಾಬರಿಯಾಗದ ಅಜ್ಜಿ ಎಲ್ಲಾದರೂ ಇದ್ದಾಳೆಯೇ?

ಆವತ್ತಿನಿಂದ ನಮ್ಮ ಮನೆಯಲ್ಲಿ ಶುರುವಾಯಿತು ನೋಡಿ. ನಾನು ಚಪ್ಪಾಳೆ ಹೊಡೆಯುವುದು, ಅಳಿಯ ಬೈಕಿನ ಹಾರನ್ ಒತ್ತುವುದು, ಮಂಜುಳಾ ಕದ ಬಡಿಯುವುದು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಾಗಬಾರದು. ಇಷ್ಟಕ್ಕೂ ಊರಿಗೆ ಕೇಳುವಂಥದ್ದನ್ನು ಮನೆಯವರಿಂದ ಮುಚ್ಚಿಡುವುದು ಹೇಗೆ?

ಎರಡನೇ ಟೆಸ್ಟಿಗೆ ಮೊದಲೇ ತೊಟ್ಟಿಲು ಶಾಸ್ತ್ರ ಬಂತು. ತವರುಮನೆಯ ಕಾರ್ಯ, ಹಾಗಾಗಿ ಮಳವಳ್ಳಿಯ ನಮ್ಮ ಮನೆಯಲ್ಲೇ. ಮಗುವನ್ನು ತೊಟ್ಟಿಲಿಗೆ ಹಾಕಿದ ಮೇಲೆ ಸೋದರತ್ತೆ ಬಗ್ಗಿ ಕಿವಿಯಲ್ಲಿ ಹೆಸರು ಹೇಳಬೇಕು. ಕೇಳದ ಕಿವಿಯಲ್ಲಿ ಹೇಳಿದ ಹೆಸರು ಎಲ್ಲಿ ಹೋಗಿ ನಿಲ್ಲುತ್ತದೆ?

ಹಾಡಿಗೆ ನಮ್ಮದೇ ಸಣ್ಣ ಮೇಳವಿದೆ. ನಾನು, ನನ್ನ ವಾರಗಿತ್ತಿ ನಿಂಗಕ್ಕ, ಡೋಲಕ್ಕಿಗೆ ಚಾಂದ್ ಪಾಷಾ. ಬಸ್ ಸ್ಟ್ಯಾಂಡ್ ಹತ್ತಿರ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನಲ್ಲ, ಅದೇ ಪಾಷಾ. ಹಾಡು ನಮಗೆ ಕಸುಬಲ್ಲ, ಚಪಲ. ಆದರೆ ಈಗೀಗ ನಮ್ಮ ದನಿ ಯಾರಿಗೂ ಮುಟ್ಟುವುದಿಲ್ಲ. ಬೆಳಕವಾಡಿಯ ಒಂದು ಕಾರ್ಯದಲ್ಲಿ ನಾವು ಬಾಯಿ ತೆರೆಯುವ ಹೊತ್ತಿಗೆ ಸೌಂಡಿನವನು ಸಿನಿಮಾ ಹಾಡು ಹಾಕಿಬಿಟ್ಟ. ನಮ್ಮ ಕತ್ತಿನ ನರ ಕಂಡಿರಬೇಕು, ಹಾಡು ಕೇಳಿರಲಿಕ್ಕಿಲ್ಲ. (ನಮ್ಮ ಕಡೆ ಸೌಂಡು ಕಮ್ಮಿಯಿದ್ದರೆ ಅದು ಕಾರ್ಯವೇ ಅಲ್ಲ. ಎದೆ ಅದುರಬೇಕು, ಆಗಲೇ ಮದುವೆ.)

ಅದಕ್ಕೇ ಪಾಷಾ ಒಂದು ದಾರಿ ಹೇಳಿದ. ಮನೆಯಲ್ಲೇ ರೆಕಾರ್ಡ್ ಮಾಡೋಣ, ಅದನ್ನೇ ಸ್ಪೀಕರ್ ಬಾಕ್ಸಿನಲ್ಲಿ ಹಾಕೋಣ, ಸಿನಿಮಾ ಹಾಡಿಗೆ ಸಡ್ಡು ಹೊಡೆದು ನಿಲ್ಲುತ್ತದೆ ಅಂತ.

ಸರಿ, ಯಾವ ಹಾಡು? ಪಂಚಾಯಿತಿ ಕೂತಿತು. ಮದ್ದೂರಿನ ಬೀಗಿತ್ತಿ ಫೋನಿನಲ್ಲೇ ಎರಡು ಸಿನಿಮಾ ಹಾಡು ಹೇಳಿದರು. ಮಂಜುಳಾಗೆ ರೀಲ್ಸಿಗೆ ಹೊಂದುವಂಥದ್ದು ಬೇಕು. ಮೊದಲು ಗಣಪತಿ ಪದ ಇಲ್ಲದೆ ನಾನು ಡೋಲಕ್ ಮುಟ್ಟುವುದಿಲ್ಲ ಅಂದ ಪಾಷಾ. ನಿಂಗಕ್ಕ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ತೊಟ್ಟಿಲಿಗೆ ಅವಳದು ಒಂದೇ ಹಾಡು, ನಮ್ಮತ್ತೆ ಕಲಿಸಿದ್ದು. ಮಗುವಿನ ನೆತ್ತಿಯಿಂದ ಶುರುವಾಗಿ ಹಣೆ, ಕಣ್ಣು, ಕಿವಿ, ಮೂಗು ಅಂತ ಒಂದೊಂದನ್ನೇ ಹರಸುತ್ತಾ ಅಂಗಾಲಿನ ತನಕ ಇಳಿಯುತ್ತದೆ.

ಕೊನೆಗೆ ಗಣಪತಿ ಪದವೂ ನಿಂಗಕ್ಕನ ಹಾಡೂ ಗೆದ್ದವು. ರೀಲ್ಸಿನದು ಊಟದ ಹೊತ್ತಿಗೆ.

ರಾಗಿ ಮೂಟೆಯ ಕೋಣೆಯಲ್ಲಿ ಮೈಕು ಇಟ್ಟ ಪಾಷಾ. ಮೂಟೆಗಳ ನಡುವೆ ದನಿ ಗುಂಯ್‌ಗುಡುವುದಿಲ್ಲವಂತೆ. ಕಿಟಕಿಗೆ ಕಂಬಳಿ, ಫ್ಯಾನು ಬಂದ್. ಬೆವರು ಧಾರಾಕಾರ. ಒಂದು ಸುತ್ತು ಹಾಡಿ ಕೇಳಿದರೆ ನಿಂಗಕ್ಕನಿಗೆ ತನ್ನ ದನಿ ಕೇಳಲಿಲ್ಲ, ಜಾಸ್ತಿ ಮಾಡಿಸಿದಳು. ಆಗ ಡೋಲಕ್ ಮುಳುಗಿತು, ಪಾಷಾ ಅದನ್ನು ಏರಿಸಿದ. ಆಗ ನಿಂಗಕ್ಕ ಮತ್ತೆ ಮುಳುಗಿದಳು. ಇಬ್ಬರೂ ಏಣಿ ಹತ್ತಿದಂತೆ ಹತ್ತುತ್ತಿದ್ದರು. ನಾನು? ಏನು ಹಾಕಿದರೂ ನನ್ನದು ಒಂದೇ ಮಾತು. ಇನ್ನೊಂಚೂರು ಜೋರು ಮಾಡು ಪಾಷಾ.

ಅವನು ಲ್ಯಾಪ್‌ಟಾಪಿನಲ್ಲಿ ಏರಿಳಿಯುವ ಗೆರೆ ತೋರಿಸಿದ. "ಅಕ್ಕ, ಈ ಕೆಂಪು ದಾಟ್ತೋ, ಸೌಂಡು ಒಡ್ದೋಯ್ತದೆ. ಜೋರಾಯ್ತದೆ, ಕೇಳಾಕಾಗಕಿಲ್ಲ."

"ಒಡೀಲಿ ಬುಡು" ಅಂದೆ.

ಇನ್ನೊಂದು ತೊಂದರೆಯಿತ್ತು. ಕಿವಿಯ ಸಾಲು ಬಂದಾಗಲೆಲ್ಲ ನಾನು ಕೆಮ್ಮುತ್ತಿದ್ದೆ. ಕೆಮ್ಮಿದರೆ ಮತ್ತೆ ಮೊದಲಿಂದ. ಆ ಸಾಲು ಬಿಟ್ಟು ಮೂಗಿಗೆ ಹೋಗೋಣ ಅಂದೆ, ಹಾಡು ಉದ್ದವಾಯಿತು ಅಂತ ನೆವ ಹೇಳಿದೆ. ನಿಂಗಕ್ಕ ನನ್ನ ಮುಖವನ್ನೇ ನೋಡಿದಳು.

"ಏನೇ ಜಯಿ, ಕಿವಿ ಬಂದೇಟ್ಗೇ ನಿಂಗ್ಯಾಕೆ ಕೆಮ್ಮು ಬತ್ತದೆ?"

ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಟೆಸ್ಟು, ತಟ್ಟೆ, ಹಾರನ್ನು, ಎಲ್ಲ.

ನಿಂಗಕ್ಕ ಸೆರಗಿನಿಂದ ತನ್ನ ಬೆವರು ಒರೆಸಿಕೊಂಡು, ಆಮೇಲೆ ನನ್ನದನ್ನೂ ಒರೆಸಿದಳು.

"ಹಾಡ್ಬುಡು ಕಣೆ. ಒಂದು ಅಂಗ ಬುಟ್ಟು ಮಗೀನ ಹಾಡಬಾರ್ದು. ಬುಟ್ರೆ, ಅದು ಇಲ್ಲ ಅಂತ ನಾವೇ ಒಪ್ಕಂಡಂಗೆ."

ಹಾಡಿದೆ. ಈ ಸಲ ಕೆಮ್ಮು ಬರಲಿಲ್ಲ. ಪಾಷಾ ಲ್ಯಾಪ್‌ಟಾಪಿನ ಕಡೆ ತಿರುಗಿ ಸೌಂಡನ್ನು ಮೇಲಕ್ಕೆ ತಳ್ಳಿದ. ಕೆಂಪು ಬಂತು. ಹಾಗೇ ಬಿಟ್ಟ.

ಶಾಸ್ತ್ರದ ದಿನ ಅಂಗಳದಲ್ಲಿ ಶಾಮಿಯಾನ, ತೊಟ್ಟಿಲಿಗೆ ಮಲ್ಲಿಗೆ ಹಾರ. ಮೊಮ್ಮಗಳಿಗೆ ಕೆಂಪು ಜುಬ್ಬ. ಅವಳನ್ನು ಎತ್ತಿಕೊಂಡು ಹೊರಗೆ ಬಂದಾಗ, ಇಡೀ ಮಳವಳ್ಳಿ ತಾಲ್ಲೂಕು ನನ್ನನ್ನೇ ನೋಡುತ್ತಿದೆ ಅನ್ನಿಸಿತು. (ನೋಡುತ್ತಿದ್ದದ್ದು ಒಂದು ಶಾಮಿಯಾನದಷ್ಟು ಜನ. ಅದರಲ್ಲೂ ಕೆಲವರ ಕಣ್ಣು ಅಡುಗೆಯ ಕಡೆ.) ತೊಟ್ಟಿಲಿಗೆ ಹಾಕಿದೆವು. ಬಾಕ್ಸಿನಲ್ಲಿ ನಮ್ಮ ಹಾಡು ಶುರುವಾಯಿತು. ದೇವರೇ, ಎಂಥ ಸದ್ದು! ದನಿ ಒಡೆದು ಗರಗರ ಅನ್ನುತ್ತಿತ್ತು. ಮುಂದಿನ ಸಾಲಿನ ಹೆಂಗಸರು ಕುರ್ಚಿ ಹಿಂದಕ್ಕೆಳೆದರು. ಮಗು ನಿದ್ದೆಯಲ್ಲಿತ್ತು.

ಸೋದರತ್ತೆ ಬಗ್ಗಿ ಬಲಗಿವಿಯಲ್ಲಿ ಹೆಸರು ಹೇಳಿದಳು. ಮಗು ನಿದ್ದೆಯಲ್ಲೇ ಇತ್ತು.

ಎಲ್ಲರೂ ನಗುತ್ತಿದ್ದರು. ಒಳ್ಳೆ ಜಾಣೆ, ಗಲಾಟೆಗೆಲ್ಲ ಹೆದರುವವಳಲ್ಲ ಅಂದರು ಯಾರೋ. ಮಂಜುಳಾ ನನ್ನತ್ತ ನೋಡಿದಳು. ಆ ನೋಟವನ್ನು ಯಾವ ತಾಯಿಗೂ ಮಗಳು ಕೊಡಬಾರದು. ನಾನು ಎದ್ದೆ. ಪಾಷಾ ಡೋಲಕ್ ಹಿಡಿದು ಆ ಕಡೆ ನಿಂತಿದ್ದ. ನೆಟ್ಟಗೆ ಆಂಪ್ಲಿಫೈಯರ್ ಹತ್ತಿರ ಹೋಗಿ, ಯಾವುದು ದೊಡ್ಡ ಗುಂಡಿಯೋ ಅದನ್ನು ಹಿಡಿದು ಕೊನೆಯ ತನಕ ತಿರುಗಿಸಿದೆ. ಕೇಳು ಕಂದಾ, ಒಂದು ಸಲ ಕೇಳು ಅಂತ.

ಟಪ್ ಎಂದಿತು. ಅಷ್ಟು ಭಾರ ತಡೆಯದೆ ಆಂಪ್ಲಿಫೈಯರ್ ನಿಂತೇ ಹೋಯಿತು.

ಅಂಗಳವೆಲ್ಲ ಗಪ್‌ಚಿಪ್. ಪಾಷಾ ನನ್ನ ಕೈ ನೋಡಿದ, ಗುಂಡಿ ನೋಡಿದ.

ಆಗ ತೊಟ್ಟಿಲಿನಲ್ಲಿ ಎರಡು ಕೈ ಮೇಲೆದ್ದವು. ಮೊಮ್ಮಗಳು ಕಣ್ಣು ಬಿಟ್ಟು, ಮುಖ ಕಿವುಚಿ, ಇಡೀ ಬೀದಿಗೆ ಕೇಳುವಂತೆ ಅತ್ತಳು.

ಸದ್ದಿದ್ದಾಗ ಮಲಗಿದ್ದವಳು ಸದ್ದು ನಿಂತದ್ದೇ ಎದ್ದಳು. ಅಂದರೇನು? ನಿಂತದ್ದು ಗೊತ್ತಾಗಬೇಕಾದರೆ ಇದ್ದದ್ದು ಗೊತ್ತಿರಬೇಕಲ್ಲವೇ? ನಾವು ಅವಳಿಗೆ ತಟ್ಟೆ ಬೀಳಿಸಿದೆವು, ಹಾರನ್ ಒತ್ತಿದೆವು, ಕದ ಬಡಿದೆವು. ಒಂದು ಗಳಿಗೆ ಸುಮ್ಮನಿದ್ದು ನೋಡಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಸುಮ್ಮನಿರುವುದು ನಮ್ಮ ಕಡೆಯ ಅಭ್ಯಾಸವೂ ಅಲ್ಲ ಬಿಡಿ.

ಮಂಜುಳಾ ಓಡಿ ಬಂದು ಮಗುವನ್ನು ಎತ್ತಿಕೊಂಡಳು. ಅವಳೂ ಅಳುತ್ತಿದ್ದಳು, ನಾನೂ. ಬಾಕ್ಸು ಬಿಟ್ಟ ಸಾಲಿನಿಂದ ನಿಂಗಕ್ಕ ಬಾಯಲ್ಲೇ ಹಾಡು ಎತ್ತಿಕೊಂಡಳು. ಏನೂ ಗೊತ್ತಿಲ್ಲದ ಬೀಗಿತ್ತಿ ಮಾತ್ರ ಕುರ್ಚಿಯಿಂದಲೇ ಕೂಗಿ ಹೇಳಿದರು: "ಹಸಿವಾಗೈತೆ ಕಣಮ್ಮ ಮಗೀಗೆ, ಹಾಲ್ಕೊಡು."

ಹಸಿವೇ? ಇದ್ದರೂ ಇರಬಹುದು. ಹಾಲು ಕುಡಿದು ಬಹಳ ಹೊತ್ತಾಗಿತ್ತು. ಆಮೇಲೆ ಕುಡಿದಳು ಕೂಡ, ಗಟಗಟ.

ಸೋಮವಾರ ಮಂಡ್ಯಕ್ಕೆ ಹೋಗುತ್ತೇವೆ, ಎರಡನೇ ಟೆಸ್ಟಿಗೆ. ಮಿಷಿನ್ನು ಏನು ಹೇಳುತ್ತದೋ ಹೇಳಲಿ, ಕೇಳಿಸಿಕೊಳ್ಳುತ್ತೇನೆ. ಅಲ್ಲಿಯ ತನಕ ನೀವು ಎದುರಿಗೆ ಸಿಕ್ಕರೆ ಏನು ಬೇಕಾದರೂ ಮಾತಾಡಿ, ಮಗುವಿಗೆ ಹಸಿವಾಗಿತ್ತು ಅಂತ ಮಾತ್ರ ಅನ್ನಬೇಡಿ.