ಕಟ್ಟೆಯ ಮೇಲೆ ಉಕ್ಕಿದ ಹಾಲು

ಮನೆ ನಮ್ಮೊಳಗೇ ಇದೆ ಎಂಬ ಮಾತನ್ನು ನಾನು ಇದುವರೆಗೆ ಕೇಳಿದ್ದು ಮನೆ ಇರುವವರ ಬಾಯಲ್ಲಿ ಮಾತ್ರ. ಇದನ್ನು ಗೆಳೆಯ ತನ್ನ ಚಿತ್ರದ ಮಾತೆತ್ತಿದ ಮೊದಲ ದಿನವೇ ಅವನಿಗೆ ಹೇಳಿದ್ದೆ. ಅವನು ಕೊಪ್ಪಳದಲ್ಲಿ ಮದುವೆಗಳಿಗೆ ವಿಡಿಯೊ ತೆಗೆಯುವವನು. ಅಕ್ಷತೆ, ಆರತಿ, ಊಟದ ಸಾಲು ತೆಗೆದು ತೆಗೆದು ಬೇಸತ್ತು, ಪ್ರಯೋಗಾತ್ಮಕ ಕಿರುಚಿತ್ರ ಮಾಡುವ ಹುಚ್ಚು ಹತ್ತಿಸಿಕೊಂಡಿದ್ದ. ಸಂಭಾಷಣೆ ಇಲ್ಲ, ಕಥೆ ಇಲ್ಲ. ಮನೆಯಿಲ್ಲದ ಒಬ್ಬ ಮುದುಕಿ, ಆಕೆಯ ದಿನಚರಿ, ಕೊನೆಗೆ ಆಕೆ ತನ್ನೊಳಗೇ ಮನೆಯನ್ನು ಕಂಡುಕೊಳ್ಳುವುದು. ಹಿನ್ನೆಲೆಯಲ್ಲಿ ಓದಲು ನಾಲ್ಕು ಸಾಲು ಬರೆದುಕೊಡು ಎಂದು ನನಗೆ ಗಂಟುಬಿದ್ದ. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡೂ ಕಡೆ ನಿಂತು ಮಾತಾಡಿ ರೂಢಿಯಾದವಳು. ಹೀಗಾಗಿ ಯಾವುದನ್ನಾದರೂ ಬರೆದೇನು ಎಂದು ಅವನ ಲೆಕ್ಕ.

"ಒಳಗ ಮನಿ ಸಿಕ್ಕ ಮ್ಯಾಲೆ ಮಳಿ ಬಂದ್ರ ಏನ್ ಮಾಡ್ತಾಳ ಆಕಿ? ಒಳಗ ಹೋಗಿ ಕುಂದರ್ತಾಳೇನು?" ಎಂದೆ.

"ಎಲ್ಲಾದಕ್ಕೂ ವಕೀಲ್ಕಿ ಹಚ್ಚಬ್ಯಾಡ. ಇದು ಕವಿತಾ ಇದ್ದಂಗ ಐತಿ."

"ಕವಿತಾ ತೋಯಿಸ್ಕೊಂಡ್ರ ನೆಗಡಿ ಬರಂಗಿಲ್ಲ. ಮುದುಕಿಗೆ ಬರ್ತೈತಿ."

ಅವನು ನಕ್ಕ. ನಾನು ಬರೆಯಲಿಲ್ಲ. ಆದರೆ ಚಿತ್ರೀಕರಣಕ್ಕೆ ಹೋದೆ. ಮುದುಕಿಯ ಪಾತ್ರಕ್ಕೆ ಅವನು ಒಪ್ಪಿಸಿದ್ದ ಆಯಿ ನನಗೆ ಮೊದಲಿನಿಂದ ಪರಿಚಯದವಳು.

ಆಯಿ ಭಾಗ್ಯನಗರದಲ್ಲಿ ಕೂದಲು ಬಿಡಿಸುವ ಕೆಲಸದಲ್ಲಿದ್ದವಳು. ಹೆಂಗಸರು ಬಾಚಿ ಬಿಸಾಕಿದ ಕೂದಲನ್ನು ಊರೂರಿನಿಂದ ತರಿಸುತ್ತಾರಲ್ಲ, ಅದರ ಗಂಟುಗಳನ್ನು ಬಿಡಿಸಿ ಎಳೆ ಎಳೆ ಬೇರೆ ಮಾಡುವ ಕೆಲಸ. ಗಂಡ ತೀರಿದ ಮೇಲೆ ಆ ಕಾರ್ಖಾನೆಯ ಹಿಂದಿನ ತಗಡಿನ ಖೋಲಿಯಲ್ಲಿ ಇರುತ್ತಿದ್ದಳು. ಕಣ್ಣು ಮಂಜಾಯಿತು, ಕೆಲಸ ಹೋಯಿತು. ಕೆಲಸದೊಂದಿಗೆ ಸಿಕ್ಕಿದ್ದ ಖೋಲಿ ಕೆಲಸದೊಂದಿಗೇ ಹೋಯಿತು. ಆಮೇಲೆ ಕೊಪ್ಪಳದ ಬಜಾರಿನಲ್ಲಿ ಒಂದು ಪಾತ್ರೆ ಅಂಗಡಿಯ ಕಟ್ಟೆ. ಶಟರ್ ಎಳೆದ ಮೇಲೆ ಅಲ್ಲಿ ಮಲಗುವುದು. ಬೆಳಿಗ್ಗೆ ಸಾವ್ಕಾರರು ಬರುವಷ್ಟರಲ್ಲಿ ಕಸ ಹೊಡೆದು, ನೀರು ಚಿಮುಕಿಸಿ, ರಂಗೋಲಿ ಹಾಕಿ ಎದ್ದುಹೋಗುವುದು. ಯಾರೂ ಕೂತು ಮಾತಾಡಿ ಮಾಡಿಕೊಂಡ ಕರಾರಲ್ಲ. ನಡೆಯುತ್ತ ನಡೆಯುತ್ತ ಗಟ್ಟಿಯಾದದ್ದು. ಆ ಕಟ್ಟೆಗೆ ಮೇಲೆ ತಗಡಿತ್ತು, ಎದುರಿಗೆ ಬೀದಿದೀಪವಿತ್ತು. ಕುಡಿದವರು ಯಾರಾದರೂ ಹತ್ತಿರ ಬಂದರೆ "ಇದು ಸಾವ್ಕಾರ್ರ ಕಟ್ಟಿ ಐತಿ" ಎಂದು ಹೇಳಲು ಒಂದು ಹೆಸರಿತ್ತು. ಒಂಟಿ ಹೆಂಗಸಿಗೆ ಈ ಮೂರು ಸಿಗುವ ಜಾಗ ಊರಿನಲ್ಲಿ ಇನ್ನೊಂದಿರಲಿಲ್ಲ.

ಕೊನೆಯ ದೃಶ್ಯಕ್ಕೆ ಗೆಳೆಯನಿಗೆ ಒಂದು ಉಪಾಯ ಹೊಳೆಯಿತು. ಹೊಸ ಮನೆ ಹೊಕ್ಕಾಗ ಎಲ್ಲರೂ ಹಾಲು ಉಕ್ಕಿಸುತ್ತಾರೆ. ಮನೆಯೇ ಇಲ್ಲದ ಆಯಿ ಕಟ್ಟೆಯ ಮೇಲೆ ಹಾಲು ಉಕ್ಕಿಸಿದರೆ? ಸಾವ್ಕಾರರ ಹತ್ತಿರ "ಕಟ್ಟಿ ಮ್ಯಾಲೆ ಶೂಟಿಂಗ್" ಎಂದಷ್ಟೇ ಹೇಳಿ ಒಪ್ಪಿಗೆ ತೆಗೆದುಕೊಂಡ. ಅವರು ವಾರದ ರಜೆಗೆ ಯಲಬುರ್ಗಾದ ಮಗಳ ಮನೆಗೆ ಹೊರಟಿದ್ದರು. "ತಕ್ಕೊಳ್ರಿ, ತಕ್ಕೊಳ್ರಿ, ಅಂಗಡಿ ಬೋರ್ಡ್ ಬರೂವಂಗ ತಕ್ಕೊಳ್ರಿ" ಎಂದು ಖುಷಿಯಿಂದ ಒಂದು ಹೊಸ ಸ್ಟೀಲ್ ಪಾತೇಲಿಯನ್ನೂ ಕೊಟ್ಟು ಹೋದರು.

ಆ ದಿನ ಆಯಿ ತಲೆಗೆ ನೀರು ಹಾಕಿಕೊಂಡು, ಗಂಟಿನಲ್ಲಿದ್ದ ಒಳ್ಳೆಯ ಸೀರೆ ಉಟ್ಟು ಬಂದಳು. ಮೂರು ಇಟ್ಟಂಗಿ ಜೋಡಿಸಿದ್ದು ನಾವು. ಅವಕ್ಕೆ ಅರಿಷಿಣ ಹಚ್ಚಿದ್ದು ಅವಳು. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಹಾಲು ಏರಿತು, ಅಂಚಿಗೆ ಬಂತು, ಉಕ್ಕಿತು. ಆಯಿ ಕಣ್ಣುಮುಚ್ಚಿ ಕೈಮುಗಿದಳು.

"ಥೋ, ಫೋಕಸ್ ಹೋತು!" ಎಂದ ಗೆಳೆಯ. "ಆಯಿ, ಇನ್ನೊಮ್ಮೆ ಉಕ್ಕಸ್ರಿ."

"ಉಕ್ಕಿತಲ್ಲೋ ತಮ್ಮಾ."

"ಕ್ಯಾಮೆರಾದಾಗ ಚಂದ ಬಂದಿಲ್ಲ ಆಯಿ."

"ಚಂದ ಬಂತೋ. ಮೂಡಲಕ್ಕ ಉಕ್ಕೇತಿ ನೋಡು. ಒಂದ್ ಮನಿಗೆ ಎರಡೆರಡ್ ಸಲ ಹಾಲು ಉಕ್ಕಿಸ್ತಾರೇನು ಯಾರರ?"

ಅವನು ಎಷ್ಟು ಗೋಗರೆದರೂ ಕೇಳಲಿಲ್ಲ. ಉಳಿದ ಹಾಲಿಗೆ ಸಕ್ಕರೆ ಹಾಕಿ ನಮಗೆಲ್ಲ ಕೊಟ್ಟಳು, ಎದುರಿನ ಚಹಾದಂಗಡಿಯವನಿಗೂ ಕೊಟ್ಟಳು. ಅವನು ಆಗಲೇ ಹಾಲು ಉಕ್ಕಿದ್ದನ್ನೆಲ್ಲ ಮೊಬೈಲಿನಲ್ಲಿ ಹಿಡಿದುಕೊಂಡು ಸ್ಟೇಟಸ್ಸಿಗೆ ಹಾಕಿದ್ದ. ಸಾವ್ಕಾರರು ಯಲಬುರ್ಗಾದಲ್ಲಿ ಕೂತೇ ಅದನ್ನು ನೋಡಿದರು.

ಮರುದಿನ ಬೆಳಿಗ್ಗೆ ಗೆಳೆಯ ಫೋನು ಮಾಡಿ ಕರೆದ. ಹೋಗಿ ನೋಡಿದರೆ ಸಾವ್ಕಾರರು ಶಟರ್ ತೆಗೆಯದೆ ರಸ್ತೆಯಲ್ಲೇ ನಿಂತಿದ್ದರು. ಆಯಿ ಗಂಟು ಹಿಡಿದು ಕಟ್ಟೆಯ ತುದಿಯಲ್ಲಿ ನಿಂತಿದ್ದಳು. ಸಾವ್ಕಾರರು ಮೊಬೈಲನ್ನು ನನ್ನ ಮುಖದ ಹತ್ತಿರ ತಂದರು.

"ನೋಡು ತಂಗಿ, ಎತ್ತಾಗ ಹರದೈತಿ ನೋಡು."

ಅಂಗಡಿಯ ಬಾಗಿಲು ಪಡುವಣಕ್ಕಿದೆ. ಮೂಡಣಕ್ಕೆ, ಅಂದರೆ ಅಂಗಡಿಯ ಕಡೆಗೇ ಉಕ್ಕಿದ ಹಾಲು ಹರಿದು ಶಟರಿನ ಸಂದಿಯಿಂದ ಒಳಗೆ ಹೋಗಿತ್ತು.

"ಈ ಜಾಗಾದಾಗ ನಮ್ಮಪ್ಪ ಹಾಲು ಉಕ್ಕಿಸಿ ಅಂಗಡಿ ಚಾಲೂ ಮಾಡಿದ್ದ. ಅದರ ಮ್ಯಾಲೆ ಇನ್ನೊಬ್ಬರು ಉಕ್ಕಿಸಿದ್ರು ಅಂದ್ರ ಏನರ್ಥ? ಯಲಬುರ್ಗಾದಾಗ ಬೀಗರು ಕೇಳ್ತಾರ, ಅಂಗಡಿ ಮಾರಿದ್ರೇನ್ರಿ ಅಂತ."

"ಸಾವ್ಕಾರ್ರ, ಅದು ಸಿನಿಮಾರಿ. ಸಿನಿಮಾದಾಗ ತಾಳಿ ಕಟ್ಟಿದವರು ಖರೇನ ಗಂಡ ಹೆಂಡ್ತಿ ಆಕ್ಕಾರೇನ್ರಿ?"

ನನಗೆ ಇದು ಬಿಗಿಯಾದ ವಾದ ಅನಿಸಿತ್ತು. ಅವರು ಒಂದು ಗಳಿಗೆ ಯೋಚಿಸಿದರು. ಕೆಟ್ಟ ಮನುಷ್ಯ ಆಗಿದ್ದರೆ ಯೋಚಿಸುತ್ತಿರಲಿಲ್ಲ.

"ಆತು. ತಾಳಿ ಕಟ್ಟಿಸ್ಕೊಂಡಾಕಿನ ಇದು ಸುಳ್ಳ ಅಂತ ಹೇಳ್ತಾಳಲ್ಲ? ಈಕಿನೂ ಹೇಳಲಿ. ನಾ ಸುಳ್ಳ ಉಕ್ಕಿಸಿದೆ, ಆಟಕ್ಕ ಮಾಡಿದೆ ಅಂತ ಈ ಕಟ್ಟಿ ಮುಂದ ನಿಂತು ಒಂದ್ ಮಾತು ಅನ್ನಲಿ. ಮುಗೀತು. ಇವತ್ತ ಸಂಜಿಯಿಂದ ಇಲ್ಲೇ ಮಕ್ಕೊಳ್ಳಲಿ. ನನಗೇನು ಹಗೆತನ ಐತೇನು ಆಕಿ ಮ್ಯಾಲೆ?"

ಗೆದ್ದೆವು ಎಂದುಕೊಂಡೆ. ಗೆಳೆಯ ಉಸಿರು ಬಿಟ್ಟ. ಆಯಿಯ ಕಡೆ ತಿರುಗಿ, "ಅಂದುಬಿಡ್ರಿ ಆಯಿ, ಒಂದ್ ಮಾತು" ಎಂದೆ.

ಆಯಿ ಗಂಟನ್ನು ಇನ್ನೊಂದು ಕೈಗೆ ಬದಲಿಸಿದಳು.

"ಅಂದ್ರ ಏನು ಸವೀತೈತಿ? ನಾವೆಲ್ಲಾ ಕೂಡಿ ಆಟಾನ ಆಡಿದ್ದು ಹೌದಲ್ರಿ?" ಎಂದೆ.

"ನೀವು ಆಡಿದ್ರಿ ಯವ್ವಾ," ಎಂದಳು ಆಯಿ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ನಾ ಉಕ್ಕಿಸಿದೆ. ನನ್ನ ಜೀವಮಾನದಾಗ ಅದೊಂದ ಸಲ. ಸುಳ್ಳ ಅಂತ ಹೆಂಗ ಅನ್ನಲಿ?"

"ಆಯಿ, ಎಲ್ಲಿ ಮಕ್ಕೋತೀರಿ?"

"ನೋಡೋಣ."

ಸಾವ್ಕಾರರು ಮುಖ ಆಚೆ ತಿರುಗಿಸಿದರು. ಅವರು ಅಂಜಿದ್ದರು ಎಂದು ನನಗೆ ಈಗಲೂ ಅನಿಸುತ್ತದೆ. ಗಂಟು ಹಿಡಿದ ಒಬ್ಬ ಮುದುಕಿ ತಮ್ಮ ಅಂಗಡಿಯನ್ನು ತನ್ನ ಮನೆಯೆಂದು ನಿಜವಾಗಿ ನಂಬಿಕೊಂಡಿದ್ದಾಳೆ. ಯಾವ ಕಾಗದವೂ ಇಲ್ಲದ ಆ ಹಕ್ಕನ್ನು ಎಲ್ಲಿಗೆ ಹೋಗಿ ರದ್ದು ಮಾಡಿಸುವುದು? ಆಯಿ ಕಟ್ಟೆಯಿಂದ ಇಳಿದಳು. ಪಾತೇಲಿಯನ್ನು ತಿಕ್ಕಿ ತೊಳೆದು ಶಟರಿಗೆ ಒರಗಿಸಿಟ್ಟಿದ್ದಳು. ಹಿಂದೆ ಹೋದ ನನಗೆ "ನೀ ಹೋಗ ಯವ್ವಾ, ಬಿಸಲಾತು" ಎಂದಳು. ಸಂಜೆ ಹುಡುಕಿಕೊಂಡು ಹೋದಾಗ ಬಜಾರಿನಲ್ಲಿ ಇರಲಿಲ್ಲ. ರೈಲು ನಿಲ್ದಾಣದಲ್ಲೂ ಇರಲಿಲ್ಲ. ಮುಂದಿನ ವಾರ ಕಟ್ಟೆಗೆ ಕಬ್ಬಿಣದ ಜಾಲರಿ ಬಂತು.

ಚಿತ್ರವನ್ನು ಗಂಗಾವತಿಯ ಒಂದು ಸಭಾಂಗಣದಲ್ಲಿ ತೋರಿಸಿದರು. ಮಂಜಾದ ಹಾಲಿನ ದೃಶ್ಯಕ್ಕೆ ಜನ ಚಪ್ಪಾಳೆ ತಟ್ಟಿದರು. ವೇದಿಕೆಯಲ್ಲಿದ್ದ ಒಬ್ಬರು, ಆ ಮಂಜು ಒಳಗಣ್ಣಿನ ನೋಟವೆಂದು ವಿವರಿಸಿದರು. ಗೆಳೆಯ ತಲೆಯಾಡಿಸಿದ. ಹೊರಗೆ ಬಂದ ಮೇಲೆ ನಾನು ಅವನನ್ನು ಬಿಡಲಿಲ್ಲ.

"ನೀ ಏನರ ಅನ್ನು," ಎಂದ. "ಆಕಿ ಸುಳ್ಳ ಅನ್ನಲಿಲ್ಲ. ಅಂದ್ರ ಒಳಗ ಮನಿ ಸಿಕ್ಕೇತಿ ಆಕಿಗೆ. ನಾ ಹೇಳಿದ್ದ ಖರೆ ಆತು."

"ಖರೆ ಆಗಿದ್ರ ಅದನ್ಯಾಕ ತೋರಸಲಿಲ್ಲ? ಗಂಟು ಹಿಡಕೊಂಡು ಹೋದದ್ದನ್ನ? ಮನಿ ಸಿಕ್ಕಾಕಿ ಯಾಕ ಹಾದಿ ಹಿಡಿದಳು?"

ಅವನು ಗಾಡಿ ಚಾಲೂ ಮಾಡಿದ. ಆದರೆ ಅವನ ಮಾತು ಪೂರ್ತಿ ಸುಳ್ಳು ಎಂದು ಹೇಳಲು ನನಗೂ ಆಗಲಿಲ್ಲ. ಅದು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು. ಸುಳ್ಳಾಗಿದ್ದರೆ ಆಯಿ ಇವತ್ತಿಗೂ ಆ ತಗಡಿನ ಕೆಳಗೇ ಇರುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ಆಯಿ ಸಿಕ್ಕಳು. ಕಂಬಕ್ಕೆ ಒರಗಿ ಕೂತಿದ್ದಳು. ಸೆರಗು ಒದ್ದೆಯಾಗಿತ್ತು, ಕೆಮ್ಮು ಹತ್ತಿತ್ತು. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಒಂದು ರಾತ್ರಿ ಮಲಗಿದಲ್ಲಿ ಇನ್ನೊಂದು ರಾತ್ರಿ ಬಿಡುವುದಿಲ್ಲ ಎಂದಳು. ನಾನು ಮತ್ತೆ ಹೇಳಿದೆ: ಕೊಪ್ಪಳಕ್ಕೆ ಹೋಗೋಣ, ಸಾವ್ಕಾರರ ಕೈಯಲ್ಲಿ ಜಾಲರಿ ತೆಗೆಸುತ್ತೇನೆ, ಒಂದೇ ಒಂದು ಮಾತು.

"ಅಂದಬಿಟ್ರ ನನ್ನ ಹತ್ರ ಅದೂ ಉಳಿಯಂಗಿಲ್ಲ ಯವ್ವಾ," ಎಂದಳು.

ಅದಕ್ಕೆ ಎದುರು ಹೇಳಲು ನನ್ನ ಬಳಿ ಹತ್ತು ಮಾತಿದ್ದವು. ಆಯಿಯ ಕೆಮ್ಮು ನಿಲ್ಲಲೆಂದು ಕಾದೆ. ಅಷ್ಟರಲ್ಲಿ ನಿಲ್ದಾಣದ ಕಾವಲಿನವನು ಬಂದು ಕೋಲಿನಿಂದ ಕಂಬಕ್ಕೆ ಬಡಿದ.

"ಏಳಬೇ, ಇಲ್ಲಿ ಪ್ಯಾಸೆಂಜರ್ ಕುಂದರ್ತಾರ."

ಆಯಿ ಕಂಬ ಹಿಡಿದು ಎದ್ದಳು. ನಾನು ಅವನೊಂದಿಗೆ ವಾದಕ್ಕೆ ನಿಂತೆ. ಒಳ್ಳೆಯ ವಾದವೇ, ಅವನು ತಬ್ಬಿಬ್ಬಾಗಿ, "ಆತ್ ಬಿಡ್ರಿ ಮೇಡಂ, ಕುಂದರ್ಲಿ" ಎಂದ. ತಿರುಗಿ ನೋಡಿದರೆ ಕಂಬದ ಬುಡ ಖಾಲಿಯಿತ್ತು. ಹೊರಗೆ ಮಳೆ ಹೊಡೆಯುತ್ತಿತ್ತು.